ಎಂಸಿಎಂ-41, ಎಸ್‌ಬಿಎ-15, ಸಿಎಂಕೆ-3, ಅಲ್ಯುಮಿನಾ: ನಿಮ್ಮ ಕೆಲಸಕ್ಕೆ ಯಾವ ಮೆಸೊಪೋರಸ್ ವಸ್ತು ಸರಿ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಎಂ.ಎಸ್‌ಸಿ. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು, ಪಿಎಚ್‌.ಡಿ.ಗೆ ಹೊಸದಾಗಿ ಸೇರಿದವರು, ಔಷಧವಿಜ್ಞಾನ ಇಲ್ಲವೇ ಪರಿಸರ ಎಂಜಿನಿಯರಿಂಗ್ ಓದುತ್ತಿರುವವರು ಮೆಸೊಪೋರಸ್ ವಸ್ತುಗಳ, ಅಂದರೆ ಕೆಲವೇ ನ್ಯಾನೊಮೀಟರ್ ಅಗಲದ ರಂಧ್ರಗಳು ತುಂಬಿರುವ ವಸ್ತುಗಳ ಬಗ್ಗೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಸಿಲಿಕಾದವುಗಳಲ್ಲಿ ಎಂಸಿಎಂ-41 ಮಾಡುವುದೋ, ಎಸ್‌ಬಿಎ-15 ಮಾಡುವುದೋ, ಇಲ್ಲವೇ ಇಂಗಾಲದ್ದನ್ನು ಪ್ರಯತ್ನಿಸುವುದೋ? ಸಂಶೋಧನಾ ಲೇಖನಗಳನ್ನು ಓದಿದವರು ಹೆಚ್ಚಾಗಿ ಮೇಲ್ಮೈ ವಿಸ್ತೀರ್ಣದ ಅಂಕಿಗಳನ್ನು ಹೋಲಿಸಿ, ಯಾವುದು ದೊಡ್ಡದೋ ಅದನ್ನೇ ಹಿಡಿದುಕೊಳ್ಳುತ್ತಾರೆ. ಆ ಒಂದು ಅಂಕಿಯನ್ನು ನೆಚ್ಚಿ ಆಯ್ಕೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ರಂಧ್ರದೊಳಗೆ ಹೋಗಬೇಕಾದ ಅಣು ಯಾವುದು, ವಸ್ತು ಎಷ್ಟು ಕಾಲ ನೀರಿನಲ್ಲಿ ಇರಬೇಕು, ಪ್ರಯೋಗಾಲಯದಲ್ಲಿ ಯಾವ ಫರ್ನೇಸ್ ಇದೆ, ಮಾಡಿದ್ದನ್ನು ಅಳೆದು ತೋರಿಸಲು ಯಾವ ಉಪಕರಣ ಸಿಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ.

ರಂಧ್ರದ ಅಗಲ 2ರಿಂದ 50 ನ್ಯಾನೊಮೀಟರ್ ಇರುವ ವಸ್ತುಗಳನ್ನು ಮೆಸೊಪೋರಸ್ ಎನ್ನುತ್ತಾರೆ. ಅದಕ್ಕಿಂತ ಕಿರಿದಾದ ರಂಧ್ರವುಳ್ಳವು ಮೈಕ್ರೊಪೋರಸ್. ಜಿಯೋಲೈಟ್‌ಗಳೆಂಬ ಹರಳುರೂಪದ ಅಲ್ಯುಮಿನೋಸಿಲಿಕೇಟ್‌ಗಳು ಆ ಗುಂಪಿಗೆ ಸೇರುತ್ತವೆ. ಸಾಬೂನಿನ ಗುಣವುಳ್ಳ ಸರ್ಫ್ಯಾಕ್ಟಂಟ್ ಅಣುಗಳು ನೀರಿನಲ್ಲಿ ಒಟ್ಟುಗೂಡಿ ಮೈಸೆಲ್‌ಗಳಾಗುತ್ತವೆ, ಆ ಮೈಸೆಲ್‌ಗಳ ಸುತ್ತ ಸಿಲಿಕಾ ಕಟ್ಟಿಕೊಂಡು ಗಟ್ಟಿಯಾಗುತ್ತದೆ, ಬಳಿಕ ಸರ್ಫ್ಯಾಕ್ಟಂಟನ್ನು ಸುಟ್ಟು ತೆಗೆದರೆ ಅದಿದ್ದ ಜಾಗವೇ ರಂಧ್ರವಾಗಿ ಉಳಿಯುತ್ತದೆ. ಹೀಗೆ ಉಳಿದ ಕೊಳವೆಗಳು ಜೇನುಹುಟ್ಟಿನ ಕಣ್ಣುಗಳಂತೆ ಒಂದೇ ಅಳತೆಯಲ್ಲಿ, ಒಂದೇ ಕ್ರಮದಲ್ಲಿ ಇರುವುದರಿಂದ ಇವುಗಳನ್ನು ಕ್ರಮಬದ್ಧ ಮೆಸೊಪೋರಸ್ ವಸ್ತುಗಳು ಎಂದು ಕರೆಯುತ್ತಾರೆ. ಜಪಾನಿನ ವಿಜ್ಞಾನಿಗಳು 1990ರಲ್ಲಿ ಕ್ಯಾನೆಮೈಟ್ ಎಂಬ ಪದರ ಸಿಲಿಕೇಟ್‌ನಿಂದ ಇಂಥ ವಸ್ತುವನ್ನು ಪಡೆದಿದ್ದರು. 1992ರಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು ಎಂಸಿಎಂ-41 ಮತ್ತು ಅದರ ಬಳಗವನ್ನು ಪ್ರಕಟಿಸಿದ ಮೇಲೆ ಈ ಕ್ಷೇತ್ರ ವೇಗವಾಗಿ ಬೆಳೆಯಿತು.

ಮೊದಲು ಅಳೆಗೋಲುಗಳು

ಮೊದಲನೆಯ ಅಳೆಗೋಲು ಅಣುವಿನ ಗಾತ್ರ. ಐಬುಪ್ರೊಫೇನ್‌ನಂತಹ ಔಷಧದ ಅಣು ಸುಮಾರು 1 ನ್ಯಾನೊಮೀಟರ್ ಉದ್ದವಿದ್ದು 3 ನ್ಯಾನೊಮೀಟರ್ ರಂಧ್ರದಲ್ಲಿ ಸಲೀಸಾಗಿ ಓಡಾಡುತ್ತದೆ. ಲೈಸೋಜೈಮ್‌ನಂತಹ ಸಣ್ಣ ಪ್ರೋಟೀನ್ ಕೂಡ 3ರಿಂದ 4.5 ನ್ಯಾನೊಮೀಟರ್ ಇರುವುದರಿಂದ ಅದಕ್ಕೆ ಆ ರಂಧ್ರ ಸಾಲದು. ಕಿಣ್ವ ಕೂರಿಸಬೇಕೆಂದರೆ 6 ನ್ಯಾನೊಮೀಟರ್‌ಗಿಂತ ಅಗಲವಾದದ್ದೇ ಬೇಕು.

ಎರಡನೆಯದು ಮೇಲ್ಮೈಯ ವಿದ್ಯುದಂಶ. ಹೆಚ್ಚು ಪ್ರಾಜೆಕ್ಟ್‌ಗಳು ಎಡವುವುದು ಇಲ್ಲಿಯೇ. ಸಿಲಿಕಾದ ಮೇಲ್ಮೈ ಪಿಎಚ್ 2–3ರ ಮೇಲೆ ಋಣ ವಿದ್ಯುದಂಶ ಪಡೆಯುತ್ತದೆ. ಆದ್ದರಿಂದ ಮಿಥಿಲೀನ್ ಬ್ಲೂನಂತಹ ಧನ ಬಣ್ಣ ಅದಕ್ಕೆ ಚೆನ್ನಾಗಿ ಅಂಟುತ್ತದೆ, ಗ್ರಾಫ್ ಅಂದವಾಗಿ ಬರುತ್ತದೆ. ಆದರೆ ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಮತ್ತು ಡೈರೆಕ್ಟ್ ಬಣ್ಣಗಳು, ರೇಷ್ಮೆಗೆ ಹಾಕುವ ಆಸಿಡ್ ಬಣ್ಣಗಳು ಋಣ ವಿದ್ಯುದಂಶದವು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳ ನೂಲಿಗೆ ಬಣ್ಣ ಹಾಕಿದ ನೀರನ್ನು ಶುದ್ಧಗೊಳಿಸುವುದು ನಿಮ್ಮ ಗುರಿಯಾಗಿದ್ದು, ಪ್ರಯೋಗ ಮಾತ್ರ ಮಿಥಿಲೀನ್ ಬ್ಲೂ ಮೇಲೆ ನಡೆದರೆ, ಬಂದ ಫಲಿತಾಂಶ ಆ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಂಥ ನೀರಿಗೆ ಧನ ವಿದ್ಯುದಂಶ ಪಡೆಯಬಲ್ಲ ಅಮೈನ್ ಗುಂಪು ಜೋಡಿಸಿದ ಸಿಲಿಕಾ ಅಥವಾ ಇಂಗಾಲ ಬೇಕು.

ಮೂರನೆಯದು ನೀರು ಮತ್ತು ಬಿಸಿಯನ್ನು ತಾಳುವ ಶಕ್ತಿ. ಇದು ರಂಧ್ರದ ಗೋಡೆಯ ದಪ್ಪವನ್ನು ಅವಲಂಬಿಸಿದೆ. ನಾಲ್ಕನೆಯದು ಪರೀಕ್ಷೆಯ ಅನುಕೂಲ. ಐದನೆಯದು ಹಣ, ಸಮಯ ಮತ್ತು ಕರೆಂಟು. ಪರೀಕ್ಷೆಯ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ರಂಧ್ರಗಳ ಕ್ರಮಬದ್ಧತೆಯನ್ನು ತೋರಿಸುವ ಎಕ್ಸ್-ಕಿರಣ ವಿವರ್ತನೆಯ, ಅಂದರೆ ಎಕ್ಸ್‌ಆರ್‌ಡಿ ಶಿಖರಗಳು ತೀರ ಸಣ್ಣ ಕೋನದಲ್ಲಿ ಬರುತ್ತವೆ: ತಾಮ್ರದ ಕಿರಣದಲ್ಲಿ ಎಂಸಿಎಂ-41ಕ್ಕೆ 2θ ಸುಮಾರು 2.2 ಡಿಗ್ರಿ, ಎಸ್‌ಬಿಎ-15ಕ್ಕೆ ಸುಮಾರು 0.9 ಡಿಗ್ರಿ. ಹಲವು ಕಡೆಯ ಸಾಮಾನ್ಯ ಯಂತ್ರ 5 ಅಥವಾ 10 ಡಿಗ್ರಿಯಿಂದ ಓಡುತ್ತದೆ. ಅದರಲ್ಲಿ ಎರಡೂ ವಸ್ತುಗಳು ಸಾಧಾರಣ ಸಿಲಿಕಾದ ಅಗಲವಾದ ದಿಬ್ಬವನ್ನಷ್ಟೇ ತೋರಿಸುತ್ತವೆ. ಆದ್ದರಿಂದ ಸ್ಯಾಂಪಲ್ ಕಳಿಸುವ ಮುನ್ನವೇ, ಅದು ಧಾರವಾಡಕ್ಕಿರಲಿ ಬೆಂಗಳೂರಿಗಿರಲಿ, ಸಣ್ಣ ಕೋನದ ಸ್ಕ್ಯಾನ್ 0.5 ಡಿಗ್ರಿಯಿಂದ ಆಗುತ್ತದೆಯೇ ಎಂದು ಕೇಳಿಕೊಳ್ಳಿ. 1.5 ಡಿಗ್ರಿಯಿಂದ ಮಾತ್ರ ಆಗುತ್ತದೆ ಎಂಬ ಉತ್ತರ ಬಂದರೆ ಎಂಸಿಎಂ-41ರ ಕ್ರಮವನ್ನು ತೋರಿಸಬಹುದು, ಎಸ್‌ಬಿಎ-15ರ ಮುಖ್ಯ ಶಿಖರ ಕೈಗೆ ಸಿಗದು.

ಕ್ರಮಬದ್ಧತೆ ನಿಜವಾಗಿಯೂ ಬೇಕೆ?

ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಪ್ರಾಮಾಣಿಕ ಮಾರ್ಗ. ಅಂಗಡಿಯಲ್ಲಿ ಸಿಗುವ ಸಿಲಿಕಾ ಜೆಲ್‌ಗೂ ಗ್ರಾಂಗೆ ನೂರಾರು ಚದರ ಮೀಟರ್ ಮೇಲ್ಮೈ ಇದೆ, ಅದರ ಬೆಲೆಯೂ ಬಹಳ ಕಡಿಮೆ. ನೀರಿನಿಂದ ಲೋಹದ ಅಯಾನುಗಳನ್ನು ತೆಗೆಯುವುದಷ್ಟೇ ಗುರಿಯಾಗಿದ್ದರೆ, ಅಯಾನು ತೀರ ಚಿಕ್ಕದಾದ್ದರಿಂದ ರಂಧ್ರಗಳು ಸಾಲಾಗಿ ಇದ್ದರೂ ಇಲ್ಲದಿದ್ದರೂ ದೊಡ್ಡ ವ್ಯತ್ಯಾಸವಾಗದೇ ಇರಬಹುದು. ಆದ್ದರಿಂದ ಯಾವ ವಸ್ತುವನ್ನು ಆರಿಸಿದರೂ ಅದರ ಪಕ್ಕದಲ್ಲಿ ಸಿಲಿಕಾ ಜೆಲ್ ಅಥವಾ ಮಾಮೂಲಿ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ಅದೇ ಪ್ರಯೋಗ ಮಾಡಬೇಕು. ರಂಧ್ರದ ಅಳತೆ ಫಲಿತಾಂಶವನ್ನು ಹೇಗೆ ಬದಲಿಸುತ್ತದೆ ಎಂಬುದೇ ಸಂಶೋಧನೆಯ ಪ್ರಶ್ನೆಯಾಗಿದ್ದರೆ, ಔಷಧ ಬಿಡುಗಡೆಯ ವೇಗವನ್ನು ರಂಧ್ರದಿಂದ ಹಿಡಿತದಲ್ಲಿಡಬೇಕಾಗಿದ್ದರೆ, ಅಥವಾ ಒಳಗಿನ ರಂಧ್ರವನ್ನೇ ಅಚ್ಚಾಗಿ ಬಳಸಬೇಕಾಗಿದ್ದರೆ, ಕ್ರಮಬದ್ಧ ವಸ್ತುವಿಗೆ ಬದಲಿಯಿಲ್ಲ.

ಎಂಸಿಎಂ-41

ಸಮಯ ಮತ್ತು ಹಣ ಎರಡೂ ಕಡಿಮೆ ಇದ್ದವರಿಗೆ ಇದು ಒಳ್ಳೆಯ ಆರಂಭ. ಸಿಟಿಎಬಿ ಎಂದು ಕರೆಯುವ ಸೀಟೈಲ್ ಟ್ರೈಮಿಥೈಲ್ ಅಮೋನಿಯಂ ಬ್ರೋಮೈಡ್, ಅಮೋನಿಯಾ ಅಥವಾ ಸೋಡಿಯಂ ಹೈಡ್ರಾಕ್ಸೈಡ್, ಟಿಇಒಎಸ್ ಎಂಬ ಸಿಲಿಕಾ ಮೂಲ, ಇಷ್ಟಿದ್ದರೆ ಕೋಣೆಯ ಉಷ್ಣತೆಯಲ್ಲಿಯೇ ಒಂದು ದಿನದೊಳಗೆ ಬಿಳಿ ಪುಡಿ ಕೈಗೆ ಬರುತ್ತದೆ. ಮೇಲ್ಮೈ ಗ್ರಾಂಗೆ ಸುಮಾರು 1,000 ಚದರ ಮೀಟರ್, ರಂಧ್ರ ಸಾಮಾನ್ಯವಾಗಿ 2ರಿಂದ 4 ನ್ಯಾನೊಮೀಟರ್. ಕೋಣೆಯ ಉಷ್ಣತೆ ಎಂಬ ಮಾತನ್ನು ಮಾತ್ರ ಎಚ್ಚರಿಕೆಯಿಂದ ಓದಬೇಕು. ಸಿಟಿಎಬಿ ಸುಮಾರು 25 ಡಿಗ್ರಿಗಿಂತ ಕೆಳಗೆ ನೀರಿನಲ್ಲಿ ಸರಿಯಾಗಿ ಕರಗದೆ ಹರಳಾಗಿ ತಳ ಸೇರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಈ ತೊಂದರೆ ಗೊತ್ತೇ ಆಗುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಬೀಕರಿನ ತಳದಲ್ಲಿ ಬಿಳಿ ಸೂಜಿಗಳು ಕಾಣಿಸಿಕೊಳ್ಳಬಹುದು. ದ್ರಾವಣವನ್ನು 35–40 ಡಿಗ್ರಿಗೆ ಬೆಚ್ಚಗಾಗಿಸಿ, ಪೂರ್ತಿ ತಿಳಿಯಾದ ಮೇಲಷ್ಟೇ ಟಿಇಒಎಸ್ ಹನಿಸಬೇಕು.

ಇದರ ದೌರ್ಬಲ್ಯ ಗೋಡೆಯಲ್ಲಿದೆ. ಗೋಡೆಯ ದಪ್ಪ ಸುಮಾರು 1 ನ್ಯಾನೊಮೀಟರ್ ಮಾತ್ರ ಇರುವುದರಿಂದ ಕುದಿಯುವ ನೀರಿನಲ್ಲಿ ಒಂದೆರಡು ದಿನ ಇಟ್ಟರೆ ರಚನೆ ಕುಸಿಯುತ್ತದೆ, ತೇವದ ಗಾಳಿಯಲ್ಲಿ ಬಹುಕಾಲ ಬಿಟ್ಟರೂ ಹಾಳಾಗುತ್ತದೆ. ಪೆಟ್ರೋಲಿಯಂನ ಭಾರವಾದ ಅಣುಗಳನ್ನು ಒಡೆಯುವ ಕ್ಯಾಟಲಿಸ್ಟ್ ಆಗಬಹುದು ಎಂದು ಆರಂಭದಲ್ಲಿ ಇದರ ಮೇಲೆ ಇಟ್ಟಿದ್ದ ದೊಡ್ಡ ಆಸೆ ಕೈಗೂಡದಿರಲು ಈ ದೌರ್ಬಲ್ಯವೂ, ಜಿಯೋಲೈಟ್‌ಗಿಂತ ಕಡಿಮೆಯಾದ ಆಮ್ಲತೆಯೂ ಕಾರಣ. ಔಷಧದ ಕೆಲಸಕ್ಕೆ ಮಾತ್ರ ಇದೇ ಗುಣ ಅಡ್ಡಿಯಾಗುವುದಿಲ್ಲ, ಏಕೆಂದರೆ ಅಲ್ಲಿ ವಸ್ತು ಕೆಲವು ಗಂಟೆ ಅಥವಾ ದಿನ ಕೆಲಸ ಮಾಡಿ ಕರಗಿ ಹೋದರೆ ಒಳ್ಳೆಯದೇ. 2001ರಲ್ಲಿ ಸ್ಪೇನಿನ ಮರಿಯಾ ವಲ್ಲೆಟ್-ರೆಜಿ ಅವರ ತಂಡ ಐಬುಪ್ರೊಫೇನ್ ತುಂಬಿ ತೋರಿಸಿದ್ದು ಎಂಸಿಎಂ-41ರಲ್ಲಿಯೇ. ಫಾರ್ಮಸಿ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಸೂಚಿಸುತ್ತೇನೆ. ಸಿಟಿಎಬಿ ಜೀವಕೋಶಗಳಿಗೆ ವಿಷಕಾರಿಯಾದ್ದರಿಂದ ಅದು ಪೂರ್ತಿ ಹೋಗಿದೆ ಎಂಬುದಕ್ಕೆ ಐಆರ್ (ಅವಗೆಂಪು ರೋಹಿತ) ಅಥವಾ ಟಿಜಿಎ (ಕಾಯಿಸುತ್ತಾ ತೂಕ ಅಳೆಯುವ ಪರೀಕ್ಷೆ) ಪುರಾವೆ ಇಡಬೇಕು.

ಎಸ್‌ಬಿಎ-15

ಹೆಚ್ಚಿನವರಿಗೆ ಕೊನೆಗೆ ಹೊಂದುವುದು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಝಾವೊ ಡೊಂಗ್‌ಯುವಾನ್, ಗೇಲನ್ ಸ್ಟಕಿ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಪ್ರಕಟಿಸಿದರು. ಹೆಸರಿನ ಮೊದಲಕ್ಷರಗಳು ಆ ಊರನ್ನೇ ಸೂಚಿಸುತ್ತವೆ. ಇಲ್ಲಿ ಅಚ್ಚು ಪಿ123 ಎಂಬ ಪಾಲಿಮರ್, ಮಾಧ್ಯಮ ಆಮ್ಲ. ರಂಧ್ರವನ್ನು 5ರಿಂದ 30 ನ್ಯಾನೊಮೀಟರ್‌ವರೆಗೆ ಬದಲಿಸಬಹುದು. ಗೋಡೆಯ ದಪ್ಪ 3ರಿಂದ 6 ನ್ಯಾನೊಮೀಟರ್ ಇರುವುದರಿಂದ ಬಿಸಿಯನ್ನೂ ನೀರನ್ನೂ ಎಂಸಿಎಂ-41ಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ಮೂಲ ವಿಧಾನದ ಪ್ರಮಾಣ ಹೀಗಿದೆ: 4 ಗ್ರಾಂ ಪಿ123ಯನ್ನು 30 ಗ್ರಾಂ ನೀರು ಮತ್ತು 120 ಗ್ರಾಂ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 35 ಡಿಗ್ರಿಯಲ್ಲಿ ಕರಗಿಸಿ, 8.5 ಗ್ರಾಂ ಟಿಇಒಎಸ್ ಸೇರಿಸಿ, 20 ಗಂಟೆ ಕಲಕಿ, ರಾತ್ರಿಯಿಡೀ 80 ಡಿಗ್ರಿಯಲ್ಲಿ ಕಲಕದೆ ಇಡುವುದು (ಇದೇ ಏಜಿಂಗ್). ಲೆಕ್ಕ ಹಾಕಿದರೆ ಇದರಿಂದ ಸಿಗಬಹುದಾದ ಸಿಲಿಕಾ ಹೆಚ್ಚೆಂದರೆ 2.45 ಗ್ರಾಂ. 4 ಗ್ರಾಂ ಪಾಲಿಮರ್ ಸುಟ್ಟು ಎರಡೂವರೆ ಗ್ರಾಂ ವಸ್ತು ಪಡೆಯುತ್ತೇವೆ ಎಂಬುದನ್ನು ಬಜೆಟ್ ಬರೆಯುವಾಗ ಮರೆಯಬಾರದು, ಏಕೆಂದರೆ ಪಿ123 ಸಿಟಿಎಬಿಗಿಂತ ದುಬಾರಿ. ಎಥನಾಲ್‌ನಲ್ಲಿ ಕುದಿಸಿ ತೆಗೆದರೆ ಪಾಲಿಮರನ್ನು ಒಂದಿಷ್ಟು ಮರಳಿ ಪಡೆಯಬಹುದು, ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳೂ ಹೆಚ್ಚು ಉಳಿಯುತ್ತವೆ; ಮುಂದೆ ಅಮೈನ್ ಜೋಡಿಸುವ ಯೋಚನೆ ಇದ್ದವರಿಗೆ ಇದು ಲಾಭದಾಯಕ.

ಕೈಯಿಂದ ಮಾಡುವಾಗ ಗಮನಿಸಬೇಕಾದದ್ದು ಕೆಲವಿವೆ. ಪಿ123 ಪುಡಿಯಲ್ಲ; ಅಂಟಾದ ಬಿಳಿ ಮುದ್ದೆ. ಚಮಚಕ್ಕೂ ತೂಕದ ಕಾಗದಕ್ಕೂ ಅಂಟಿಕೊಂಡು ತೂಕ ತಪ್ಪಿಸುತ್ತದೆ, ಆದ್ದರಿಂದ ಕ್ರಿಯೆ ನಡೆಯುವ ಬಾಟಲಿಯೊಳಕ್ಕೇ ನೇರವಾಗಿ ತೂಗಬೇಕು. ಅದು ಪೂರ್ತಿ ಕರಗಿ ದ್ರಾವಣ ತಿಳಿಯಾಗಲು ಗಂಟೆಗಳೇ ಬೇಕು. ಟಿಇಒಎಸ್ ಹಾಕಿದ ಮೊದಲ ಒಂದು ಗಂಟೆಯೊಳಗೆ ದ್ರಾವಣ ಬೆಳ್ಳಗಾಗಿ ಕಣಗಳು ರೂಪುಗೊಳ್ಳುತ್ತವೆ. ರಚನೆ ತೀರ್ಮಾನವಾಗುವುದು ಆ ಹೊತ್ತಿನಲ್ಲಿಯೇ. ಕರೆಂಟು ಹೋಗುವ ಸಾಧ್ಯತೆ ಇದ್ದರೆ ಆ ಒಂದು ಗಂಟೆಯನ್ನಾದರೂ ಯುಪಿಎಸ್ ಮೇಲೆ ನಡೆಸಿ, ಆಮೇಲೆ ಸ್ಟರರ್ ಕೆಲ ಹೊತ್ತು ನಿಂತರೆ ಅಷ್ಟು ನಷ್ಟವಿಲ್ಲ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ವಿಜಯಪುರದಲ್ಲಿ ಕೋಣೆಯೇ 38 ಡಿಗ್ರಿ ಮುಟ್ಟಬಹುದು. ಪಿ123ಯ ಮೈಸೆಲ್‌ಗಳು ಉಷ್ಣತೆಗೆ ಬೇಗ ಸ್ಪಂದಿಸುವುದರಿಂದ ಹಾಟ್‌ಪ್ಲೇಟ್ ಸಾಲದು, ನೀರಿನ ಬಾತ್‌ನಲ್ಲಿಯೇ ಕೆಲಸ ಮಾಡಬೇಕು. ಕೊಳವೆಬಾವಿಯ ನೀರು ಬೇಡವೇ ಬೇಡ, ಡಿಸ್ಟಿಲ್ಡ್ ನೀರನ್ನೇ ಬಳಸಿ. 100 ಡಿಗ್ರಿವರೆಗಿನ ಏಜಿಂಗ್‌ಗೆ ಬಿಗಿಯಾದ ಮುಚ್ಚಳದ ಪಾಲಿಪ್ರೊಪಿಲೀನ್ ಬಾಟಲಿ ಸಾಕಾಗುತ್ತದೆ. ಅದಕ್ಕಿಂತ ಮೇಲೆ ಟೆಫ್ಲಾನ್ ಒಳಪದರದ ಆಟೋಕ್ಲೇವ್ ಬೇಕು. ಏಜಿಂಗ್ ಉಷ್ಣತೆ ಏರಿಸಿದಷ್ಟೂ ರಂಧ್ರ ಅಗಲವಾಗುತ್ತದೆ, ಗೋಡೆಯೊಳಗಿನ ಸೂಕ್ಷ್ಮ ರಂಧ್ರಗಳು ಕಡಿಮೆಯಾಗುತ್ತವೆ, ಒಟ್ಟು ಮೇಲ್ಮೈಯೂ ಇಳಿಯುತ್ತದೆ. ಕಿಣ್ವ ಕೂರಿಸುವವರಿಗೆ ಈ ಇಳಿಕೆಯಿಂದ ನಷ್ಟವಿಲ್ಲ. ಮೇಲ್ಮೈಯ ಅಂಕಿ ಮಾತ್ರ ನೋಡುವವರು ಒಳ್ಳೆಯ ಸ್ಯಾಂಪಲನ್ನೇ ಕೆಟ್ಟದ್ದೆಂದು ಪಕ್ಕಕ್ಕಿಡುತ್ತಾರೆ.

ಕ್ಯಾಲ್ಸಿನೇಶನ್‌ಗೆ, ಅಂದರೆ ಅಚ್ಚಾಗಿದ್ದ ಪಾಲಿಮರನ್ನು ಸುಟ್ಟು ತೆಗೆಯಲು, ಮಫಲ್ ಫರ್ನೇಸನ್ನು ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸುವುದು ಸುರಕ್ಷಿತ. 30ರಿಂದ 550 ಡಿಗ್ರಿಗೆ ಹೋಗಲು ಹೆಚ್ಚುಕಡಿಮೆ 8 ಗಂಟೆ 40 ನಿಮಿಷ, ಅಲ್ಲಿ 6 ಗಂಟೆ, ಒಟ್ಟು ಹದಿನಾಲ್ಕೂವರೆ ಗಂಟೆಗೂ ಹೆಚ್ಚು ಫರ್ನೇಸ್ ನಿಮಗೇ ಮೀಸಲಾಗಬೇಕು. ವಿಭಾಗದಲ್ಲಿ ಒಂದೇ ಫರ್ನೇಸ್ ಇದ್ದರೆ ಇದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಮೇಲ್ಮೈಯನ್ನೂ ರಂಧ್ರದ ಅಗಲವನ್ನೂ ಅಳೆಯುವ ಸಾರಜನಕ ಹೀರಿಕೆಯ ವರದಿ ಬಂದಾಗ ಒಂದು ಎಚ್ಚರಿಕೆ ಬೇಕು. ಡಿಸಾರ್ಪ್ಷನ್ (ಬಿಟ್ಟುಕೊಡುವ) ರೇಖೆಯಿಂದ ರಂಧ್ರದ ಅಳತೆ ತೆಗೆದರೆ 3.8 ನ್ಯಾನೊಮೀಟರ್ ಸುಮಾರಿಗೆ ಒಂದು ಚೂಪಾದ ಶಿಖರ ಕಾಣಬಹುದು. ಹಲವು ಸಲ ಅದು ದ್ರವ ಸಾರಜನಕದ ಗುಣದಿಂದ ಬಂದದ್ದೇ ಹೊರತು ನಿಮ್ಮ ವಸ್ತುವಿನ ರಂಧ್ರವಲ್ಲ. ಅಡ್ಸಾರ್ಪ್ಷನ್ (ಹೀರಿಕೊಳ್ಳುವ) ರೇಖೆಯ ಲೆಕ್ಕವನ್ನೂ ಕೇಳಿ ಪಡೆದು ಎರಡನ್ನೂ ಹೋಲಿಸಬೇಕು.

ಇದೇ ಪಿ123ಗೆ ಅಷ್ಟೇ ತೂಕದ ಬ್ಯೂಟನಾಲ್ ಸೇರಿಸಿ, ಆಮ್ಲ ಕಡಿಮೆ ಮಾಡಿದರೆ ಕೆಐಟಿ-6 ಸಿಗುತ್ತದೆ. ಕೊರಿಯಾದ ರ್ಯೂ ರ್ಯೊಂಗ್ ಅವರ ತಂಡ 2003ರಲ್ಲಿ ಇದನ್ನು ತೋರಿಸಿತು. ಇದರ ರಂಧ್ರಗಳು ಮೂರೂ ದಿಕ್ಕಿಗೆ ಕೂಡಿಕೊಂಡಿರುವುದರಿಂದ ಒಂದು ದಾರಿ ಕಟ್ಟಿದರೂ ಅಣು ಇನ್ನೊಂದರಿಂದ ಹೋಗಬಲ್ಲದು. ಲೋಹದ ಕ್ಯಾಟಲಿಸ್ಟ್ ತುಂಬುವವರಿಗೆ ಇದು ಉಪಯುಕ್ತ. ಮೊದಲ ಸಲ ಮಾಡುವವರು ಎಸ್‌ಬಿಎ-15ರಲ್ಲಿ ಕೈ ಕುದುರಿಸಿಕೊಂಡ ಮೇಲೆ ಇದಕ್ಕೆ ಬರುವುದು ಒಳಿತು.

ಸಿಎಂಕೆ-3: ಸಕ್ಕರೆಯಿಂದ ಇಂಗಾಲ

ಎಸ್‌ಬಿಎ-15ರ ರಂಧ್ರಗಳಲ್ಲಿ ಸಕ್ಕರೆ ತುಂಬಿ, ಗಂಧಕಾಮ್ಲದಿಂದ ಕಪ್ಪಾಗಿಸಿ, ಗಾಳಿಯಿಲ್ಲದೆ 900 ಡಿಗ್ರಿಗೆ ಕಾಯಿಸಿ, ಕೊನೆಗೆ ಸಿಲಿಕಾವನ್ನು ಕರಗಿಸಿದರೆ ಉಳಿಯುವುದು ಸಿಎಂಕೆ-3. ಇದೂ ರ್ಯೂ ಅವರ ತಂಡದ ಕೆಲಸ, ಪ್ರಕಟವಾದದ್ದು 2000ದಲ್ಲಿ. 1 ಗ್ರಾಂ ಎಸ್‌ಬಿಎ-15ಕ್ಕೆ ಮೊದಲು 1.25 ಗ್ರಾಂ, ಎರಡನೆಯ ಸಲ 0.8 ಗ್ರಾಂ ಸಕ್ಕರೆ ಸಾಕು. ಮೇಲ್ಮೈ ಗ್ರಾಂಗೆ ಸುಮಾರು 1,500 ಚದರ ಮೀಟರ್. ಇದಕ್ಕೆ ಎಂಸಿಎಂ-41 ಅಚ್ಚಾಗಲಾರದು: ಅದರ ಕೊಳವೆಗಳ ನಡುವೆ ಸಂಪರ್ಕವಿಲ್ಲದ್ದರಿಂದ ಸಿಲಿಕಾ ಹೋದೊಡನೆ ಇಂಗಾಲದ ಕಡ್ಡಿಗಳು ಬಿಡಿಬಿಡಿಯಾಗಿ ಚದುರುತ್ತವೆ. ಎಸ್‌ಬಿಎ-15ರ ಗೋಡೆಯಲ್ಲಿರುವ ಸೂಕ್ಷ್ಮ ರಂಧ್ರಗಳಲ್ಲಿ ಬೆಳೆದ ಇಂಗಾಲ ಕಡ್ಡಿಗಳನ್ನು ಒಂದಕ್ಕೊಂದು ಕಟ್ಟಿಡುತ್ತದೆ.

ಸೂಪರ್‌ಕೆಪಾಸಿಟರ್, ಬ್ಯಾಟರಿ, ದೊಡ್ಡ ಸಾವಯವ ಅಣುಗಳ ಹೀರಿಕೆ ಇವುಗಳಿಗೆ ಇದು ಬಲವಾದ ಆಯ್ಕೆ. ಬೆಲೆ ಮಾತ್ರ ಹೆಚ್ಚು, ಏಕೆಂದರೆ ಕಷ್ಟಪಟ್ಟು ಮಾಡಿದ ಎಸ್‌ಬಿಎ-15 ಕೊನೆಗೆ ಕರಗಿಯೇ ಹೋಗುತ್ತದೆ. ಸಾರಜನಕ ಹರಿಸುವ ಟ್ಯೂಬ್ ಫರ್ನೇಸ್ ಇಲ್ಲದವರು ಇದಕ್ಕೆ ಕೈ ಹಾಕಬಾರದು. ಸಿಲಿಕಾ ತೆಗೆಯಲು ಹೈಡ್ರೋಫ್ಲೋರಿಕ್ ಆಮ್ಲವನ್ನು ಸೂಚಿಸುವ ವಿಧಾನಗಳಿವೆ. ಚರ್ಮದ ಮೂಲಕ ಇಳಿದು ಪ್ರಾಣಕ್ಕೇ ಅಪಾಯ ತರುವ ಆ ಆಮ್ಲವನ್ನು ವಿದ್ಯಾರ್ಥಿಗಳ ಪ್ರಯೋಗಾಲಯಕ್ಕೆ ತರುವುದು ಬೇಡ. ನೀರು-ಎಥನಾಲ್ ಮಿಶ್ರಣದಲ್ಲಿನ ಬಿಸಿ ಸೋಡಿಯಂ ಹೈಡ್ರಾಕ್ಸೈಡ್ ಅದೇ ಕೆಲಸ ಮಾಡುತ್ತದೆ. ಡಿಸ್ಟಿಲರಿಯ ಸ್ಪೆಂಟ್ ವಾಶ್‌ನ (ಮದ್ಯಸಾರ ತೆಗೆದ ಮೇಲೆ ಉಳಿಯುವ ತ್ಯಾಜ್ಯ ದ್ರವದ) ಕಂದು ಬಣ್ಣ ತೆಗೆಯಲು ಇದನ್ನು ಬಳಸಬಹುದೇ ಎಂದು ಸಕ್ಕರೆ ಕಾರ್ಖಾನೆಗಳಿರುವ ಈ ಭಾಗದಲ್ಲಿ ಕೇಳುವುದು ಸಹಜ. ಆ ಬಣ್ಣಕ್ಕೆ ಕಾರಣವಾದ ಮೆಲನಾಯ್ಡಿನ್ ಅಣುಗಳು ದೊಡ್ಡವಾದ್ದರಿಂದ ಅಗಲವಾದ ರಂಧ್ರ ನೆರವಾಗುತ್ತದೆ ನಿಜ. ಆದರೆ ಟ್ಯಾಂಕರ್‌ಗಟ್ಟಲೆ ಹರಿಯುವ ದ್ರವಕ್ಕೆ ಗ್ರಾಂ ಲೆಕ್ಕದಲ್ಲಿ ತಯಾರಾಗುವ ವಸ್ತು ಹೊಂದದು. ಅಲ್ಲಿ ಕಬ್ಬಿನ ಸಿಪ್ಪೆಯಾದ ಬಗಾಸ್‌ನಿಂದ ಮಾಡಿದ ಮಾಮೂಲಿ ಆಕ್ಟಿವೇಟೆಡ್ ಕಾರ್ಬನ್ನೇ ಸರಿಯಾದ ದಾರಿ.

ಫ್ಲೋರೈಡ್ ನೀರಿಗೆ ಅಲ್ಯುಮಿನಾ

ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಅನುಮತಿ. ಈ ವಿಷಯ ಎತ್ತಿಕೊಂಡವರು ಬರಿಯ ಸಿಲಿಕಾ ಹಿಡಿದು ಕೂರಬಾರದು. ಸಿಲಿಕಾ, ಫ್ಲೋರೈಡ್ ಎರಡೂ ಋಣ ವಿದ್ಯುದಂಶದವಾದ್ದರಿಂದ ಎಂಸಿಎಂ-41ಆಗಲಿ ಎಸ್‌ಬಿಎ-15ಆಗಲಿ ಫ್ಲೋರೈಡನ್ನು ಹಿಡಿಯುವುದಿಲ್ಲ. ಬೇಕಾದದ್ದು ಮೆಸೊಪೋರಸ್ ಅಲ್ಯುಮಿನಾ, ಇಲ್ಲವೇ ಅಲ್ಯುಮಿನಿಯಂ ಇಲ್ಲವೇ ಲ್ಯಾಂಥನಂ ಹೇರಿದ ಸಿಲಿಕಾ.

ಅಲ್ಯುಮಿನಿಯಂ ಐಸೊಪ್ರೊಪಾಕ್ಸೈಡನ್ನು ಪಿ123, ಎಥನಾಲ್, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, 60 ಡಿಗ್ರಿಯಲ್ಲಿ ನಿಧಾನವಾಗಿ ಒಣಗಿಸಿ, ಬಳಿಕ ಕಾಯಿಸಿದರೆ ಕ್ರಮಬದ್ಧ ಅಲ್ಯುಮಿನಾ ಸಿಗುತ್ತದೆ. ಐಸೊಪ್ರೊಪಾಕ್ಸೈಡ್ ತೇವಕ್ಕೆ ತಕ್ಷಣ ಕೆಡುವುದರಿಂದ ಮಳೆಗಾಲದಲ್ಲಿ ಇದು ಕೈಕೊಡುವ ಸಾಧ್ಯತೆ ಹೆಚ್ಚು. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿಯೇ ಅಲ್ಯುಮಿನಾ ತಯಾರಾಗುತ್ತದಲ್ಲ, ಅದನ್ನೇ ಬಳಸಬಾರದೇ ಎಂದು ಕೇಳುವವರಿದ್ದಾರೆ. ಅದು ಈಗಾಗಲೇ ಆಕ್ಸೈಡ್ ಆಗಿ ಗಟ್ಟಿಗೊಂಡ ಪುಡಿ, ಮೈಸೆಲ್‌ನ ಸುತ್ತ ಕಟ್ಟಿಕೊಳ್ಳಬಲ್ಲ ಕರಗಿದ ರೂಪದ್ದಲ್ಲ.

ಅಲ್ಯುಮಿನಾ ಫ್ಲೋರೈಡನ್ನು ಅತ್ಯಂತ ಚೆನ್ನಾಗಿ ಹೀರುವುದು ಪಿಎಚ್ 5.5ರ ಸುಮಾರಿಗೆ. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಸಾಮಾನ್ಯವಾಗಿ ಕ್ಷಾರೀಯ, ಬೈಕಾರ್ಬನೇಟ್ ತುಂಬಿದ್ದು. ಹಾಗಾಗಿ ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಹಾಕಿ ಬಂದ ಸಾಮರ್ಥ್ಯ ಹಳ್ಳಿಯ ನೀರಿನಲ್ಲಿ ಬಹಳಷ್ಟು ಇಳಿಯುತ್ತದೆ. ಊರಿನ ನೀರನ್ನೇ ತಂದು ಅಳೆದು, ಜೊತೆಗೆ ಹೊರಬರುವ ನೀರಿನಲ್ಲಿ ಕರಗಿದ ಅಲ್ಯುಮಿನಿಯಂ ಅನ್ನೂ ಪರೀಕ್ಷಿಸಬೇಕು; ಅದಕ್ಕೆ ಮಾನಕದ ಮಿತಿ ಲೀಟರಿಗೆ 0.03 ಮಿಲಿಗ್ರಾಂ, ಅನುಮತಿ 0.2ರವರೆಗೆ. ಜನರು ಕುಡಿಯುವ ನೀರಿನ ಫಿಲ್ಟರನ್ನೇ ಮಾಡುವವರಿಗೆ ಮಾರುಕಟ್ಟೆಯ ಕಾಳುರೂಪದ ಆಕ್ಟಿವೇಟೆಡ್ ಅಲ್ಯುಮಿನಾ ಸಾಕು, ಏಕೆಂದರೆ ನುಣ್ಣನೆಯ ಮೆಸೊಪೋರಸ್ ಪುಡಿ ಫಿಲ್ಟರಿನ ಕಾಲಂನಲ್ಲಿ ನೀರನ್ನು ತಡೆದುಬಿಡುತ್ತದೆ. ರಂಧ್ರದ ಅಗಲಕ್ಕೂ ಹೀರಿಕೆಯ ವೇಗಕ್ಕೂ ಇರುವ ಸಂಬಂಧ ತಿಳಿಯಬೇಕೆನ್ನುವವರಿಗೆ ಕ್ರಮಬದ್ಧ ಅಲ್ಯುಮಿನಾ ತಕ್ಕದ್ದು.

ಬಗಾಸ್ ಬೂದಿಯ ಸಿಲಿಕಾ

ಟಿಇಒಎಸ್ ಕೊಳ್ಳಲು ಹಣ ಸಾಲದವರು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬೂದಿಯತ್ತ ನೋಡಬಹುದು. ಬೂದಿಯನ್ನು ಜರಡಿ ಹಿಡಿದು, ಉಳಿದ ಇಂಗಾಲವನ್ನು 600 ಡಿಗ್ರಿಯಲ್ಲಿ ಸುಟ್ಟು, ಆಮ್ಲದಲ್ಲಿ ತೊಳೆದು, ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕುದಿಸಿ ಸೋಸಿದರೆ ಸೋಡಿಯಂ ಸಿಲಿಕೇಟ್ ದೊರೆಯುತ್ತದೆ. ಕಬ್ಬಿನ ಜೊತೆ ಬಂದ ಮರಳಿನ ಕ್ವಾರ್ಟ್ಜ್ ಇದರಲ್ಲಿ ಸುಲಭವಾಗಿ ಕರಗದು, ಬೂದಿಯಿಂದ ಬೂದಿಗೆ ಸಿಲಿಕಾ ಅಂಶವೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಸಲ ಸೋಸಿದ ದ್ರಾವಣದಲ್ಲಿ ಎಷ್ಟು ಸಿಲಿಕಾ ಇದೆ ಎಂದು ಅಳೆದೇ ಮುಂದುವರಿಯಬೇಕು. ಎಂಸಿಎಂ-41ರ ಮಾಧ್ಯಮವೇ ಕ್ಷಾರೀಯವಾದ್ದರಿಂದ ಈ ದ್ರಾವಣ ಅದಕ್ಕೆ ನೇರವಾಗಿ ಹೊಂದುತ್ತದೆ. ಎಸ್‌ಬಿಎ-15ಕ್ಕೆ ಬಳಸುವಾಗ ದ್ರಾವಣದ ಕ್ಷಾರವನ್ನು ತಟಸ್ಥಗೊಳಿಸುವಷ್ಟು ಹೆಚ್ಚುವರಿ ಆಮ್ಲವನ್ನು ಲೆಕ್ಕ ಹಾಕಿ ಮೊದಲೇ ಇಟ್ಟುಕೊಂಡು, ಸಿಲಿಕೇಟನ್ನು ಒಮ್ಮೆಲೇ ಸುರಿದು ರಭಸವಾಗಿ ಕಲಕಬೇಕು.

ಯಾರಿಗೆ ಯಾವುದು

ಕೆಲವೇ ತಿಂಗಳು ಸಮಯ, ಒಂದು ಮಫಲ್ ಫರ್ನೇಸ್, ಕಡಿಮೆ ಹಣ ಇರುವ ಎಂ.ಎಸ್‌ಸಿ. ವಿದ್ಯಾರ್ಥಿಗೆ ಬಗಾಸ್ ಬೂದಿಯಿಂದ ಎಂಸಿಎಂ-41 ಮಾಡುವುದು ತಕ್ಕ ಕೆಲಸ. ಔಷಧ ಬಿಡುಗಡೆಗೂ ಅದೇ, ಆದರೆ ಟಿಇಒಎಸ್‌ನಿಂದ ಮಾಡಿದ ಶುದ್ಧ ರೂಪ. ಕಿಣ್ವ, ಅಮೈನ್ ಜೋಡಣೆ, ಋಣ ಬಣ್ಣಗಳು, ಕ್ಯಾಟಲಿಸ್ಟ್ ಇವುಗಳಲ್ಲಿ ಯಾವುದಾದರೂ ಇದ್ದು, ಎರಡು-ಮೂರು ವರ್ಷ ಮುಂದುವರಿಯುವ ಯೋಜನೆಯಿದ್ದರೆ ಎಸ್‌ಬಿಎ-15ರಿಂದಲೇ ಆರಂಭಿಸಿ. ಆ ಕೌಶಲವೇ ಮುಂದೆ ಕೆಐಟಿ-6ಕ್ಕೂ ಸಿಎಂಕೆ-3ಕ್ಕೂ ದಾರಿಯಾಗುತ್ತದೆ. ವಿದ್ಯುತ್ ಶೇಖರಣೆಯ ವಿಷಯವಿದ್ದು ಟ್ಯೂಬ್ ಫರ್ನೇಸ್ ಕೈಯಲ್ಲಿದ್ದರೆ ಸಿಎಂಕೆ-3. ಫ್ಲೋರೈಡ್ ಎಂದಾದರೆ ಬರಿಯ ಸಿಲಿಕಾದ ಯೋಚನೆ ಬಿಟ್ಟು ಅಲ್ಯುಮಿನಾ ಹಿಡಿಯಿರಿ.

ಯಾವುದನ್ನು ಆರಿಸಿದರೂ ಮೊದಲ ಬ್ಯಾಚಿನ ಎಲ್ಲವನ್ನೂ ಪ್ರಯೋಗಕ್ಕೆ ಸುರಿಯಬೇಡಿ. ಅರ್ಧ ಗ್ರಾಂ ತೆಗೆದಿಟ್ಟು, ಅದರ ಸಣ್ಣ ಕೋನದ ಎಕ್ಸ್‌ಆರ್‌ಡಿ ಮತ್ತು ಸಾರಜನಕ ಹೀರಿಕೆಯ ವರದಿ ಬಂದ ಮೇಲೆ ಎರಡನೆಯ ಬ್ಯಾಚ್ ಮಾಡಿ, ಎರಡರ ಅಂಕಿಗಳೂ ಹೊಂದಿದಾಗ ಮುಂದಿನ ಕೆಲಸಕ್ಕೆ ಹೋಗಿ.